ಪೊಂಗಾರೆಯ ಕಪ್ಪೆ, ಸೀಡಿಯ ಗದ್ದ

ಮೇಜಿನ ಮೇಲಿರುವ ಗಾಳದ ಸಾಮಾನು ಇಷ್ಟು: ನೀರು ಕುಡಿದು ಮುಳುಗುವ ಎರಡು ರಬ್ಬರ್ ಕಪ್ಪೆಗಳು, ಗದ್ದದ ಪಟ್ಟಿ ಮುರಿದ ಒಂದು ಮಿನ್ನೋ (ಸಣ್ಣ ಮೀನಿನ ಆಕಾರದ್ದು), ಕೊಕ್ಕೆಗೆ ತುಕ್ಕು ಹಿಡಿದ ಒಂದು ಸ್ಪಿನ್ನರ್ (ಎಳೆದಾಗ ಲೋಹದ ಅಲಗು ತಿರುಗುವಂಥದ್ದು), ಮತ್ತು ಬೇಲಿಯಿಂದ ಕಡಿದು ಒಣಗಿಸಿದ ಪೊಂಗಾರೆ ಕೊಂಬಿನ ಎರಡು ಗೇಣು ತುಂಡು. ನವರಾತ್ರಿ ಕಳೆದು, ಹೊಳೆಯ ಕೆಂಪು ಇಳಿದು, ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುವ ಹೊತ್ತಿಗೆ ಇವೆಲ್ಲ ನೀರಿಗಿಳಿಯುವಂತಾಗಬೇಕು. ಹೊಸದಾಗಿ ಕೊಳ್ಳಬಹುದಲ್ಲ ಎಂದರೆ, ಕೊಳ್ಳಬಹುದು. ಆದರೆ ಅಂಗಡಿಯಲ್ಲಿ ನೇತಾಡುವ ಲೂರ್‌ಗಳಲ್ಲಿ, ಅಂದರೆ ಮೀನನ್ನು ಮರುಳು ಮಾಡುವ ಇಂಥ ಕೃತಕ ಎರೆಗಳಲ್ಲಿ, ಹೆಚ್ಚಿನವು ಅಮೆರಿಕದ ಬಾಸ್ ಮೀನಿಗೋ ಸಮುದ್ರಕ್ಕೋ ಹೊಂದುವಂಥವು. ಅಂತರಗಂಗೆ ಮುಚ್ಚಿದ ನಮ್ಮ ಮದಗಗಳಲ್ಲಿ ಅವು ಮೊದಲ ಎಸೆತಕ್ಕೇ ಒಂದು ಹೊರೆ ಸೊಪ್ಪು ಹೊತ್ತು ಬರುತ್ತವೆ.

ಯಾವ ಮೀನಿಗೆ, ಯಾವ ನೀರಿಗೆ

ಕೆತ್ತುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಸಿಹಿನೀರಿನ ಎಲ್ಲ ಮೀನೂ ಲೂರ್ ಕಚ್ಚುವುದಿಲ್ಲ. ಲೂರ್ ಓಡುವ ಬೇಟೆಯ ವೇಷ ಹಾಕಿಕೊಂಡಿರುತ್ತದೆ. ಬೇಟೆಯಾಡುವ ಮೀನು ಮಾತ್ರ ಆ ವೇಷಕ್ಕೆ ಮರುಳಾಗುತ್ತದೆ. ಕಾಟ್ಲಾ ಮೇಲ್ನೀರಿನ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ಪಾಚಿ ಮತ್ತು ಕೊಳೆತ ಸೊಪ್ಪನ್ನು ಮೇಯುತ್ತದೆ, ಮೃಗಾಲ್ ತಳದ ಕೆಸರು ಕೆದಕುತ್ತದೆ. ಇವುಗಳ ಮುಂದೆ ಸಾವಿರ ರೂಪಾಯಿಯ ಲೂರ್ ಎಳೆದರೂ ತಿರುಗಿ ನೋಡುವುದಿಲ್ಲ, ಹಿಟ್ಟಿನ ಉಂಡೆಯೇ ಬೇಕು. ಮುಗುಡು ರಾತ್ರಿಯ ಮೀನು, ಮೀಸೆಯಿಂದ ತಡಕಿ ವಾಸನೆ ಹಿಡಿದು ಬರುವಂಥದ್ದು. ಅದಕ್ಕೆ ಎರೆಹುಳುವೋ ಕೋಳಿಯ ಕರುಳೋ ಸಾಕು. ಘಟ್ಟದ ತಪ್ಪಲಿನ ಹೊಳೆಗಳಲ್ಲಿ ಪೆರುವೊಳು ಇದೆ, ಲೂರ್‌ಗೆ ಮುಗಿಬೀಳುವ ಮೀನೇ ಅದು. ಆದರೆ ಶಿಶಿಲ ದೇವಸ್ಥಾನದ ಪಕ್ಕದ ಕಪಿಲೆ ಹೊಳೆಯಲ್ಲಿ ಅದು ದೇವರ ಮೀನು. ಅದಕ್ಕೆಂದು ನನ್ನ ಪೆಟ್ಟಿಗೆಯಲ್ಲಿ ಏನೂ ಇಲ್ಲ, ಇರುವುದೂ ಇಲ್ಲ.

ಉಳಿಯುವುದು ಮಡೆಂಜಿ. ಪುಸ್ತಕಗಳು ಮುರಲ್ ಎನ್ನುತ್ತವೆ, ಚನ್ನಾ ಸ್ಟ್ರಿಯಾಟಾ. ಹಾವಿನ ತಲೆ, ಒಳಗೆ ಹಲ್ಲು, ಕಿವಿರಿನ ಮೇಲ್ಗಡೆ ಗಾಳಿ ಉಸಿರಾಡಲು ಬೇರೆಯೇ ಒಂದು ಕೋಣೆ. ನೀರಿನಲ್ಲಿ ಆಮ್ಲಜನಕ ಎಷ್ಟೇ ಇದ್ದರೂ ಈ ಮೀನು ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿ ಎಳೆದುಕೊಳ್ಳಲೇಬೇಕು. ಹಾಗಾಗಿ ಆಳವಿಲ್ಲದ, ಕೊಳೆ ತುಂಬಿದ, ಬೇರೆ ಮೀನು ಸಾಯುವ ಕೆರೆಯಲ್ಲಿಯೂ ಅದು ಸುಖವಾಗಿರುತ್ತದೆ. ಹಾಗಾಗಿಯೇ ನೀರಿನ ಮೇಲ್ಮೈಯಲ್ಲಿ ಏನು ಅಲುಗಾಡಿದರೂ ಅದಕ್ಕೆ ಸುದ್ದಿ ಮುಟ್ಟುತ್ತದೆ. ಕಪ್ಪೆ ಲೂರ್‌ಗೆ ಇಲ್ಲಿ ಇಷ್ಟು ಮಾನ ಸಿಗುವುದು ಇದರಿಂದಲೇ.

ಇನ್ನು ನೀರು. ನಾನು ಹೋಗುವ ಜಾಗಗಳು ಮೂರು ಬಗೆಯವು, ಮೂರಕ್ಕೂ ಒಂದೇ ಲೂರ್ ನಡೆಯುವುದಿಲ್ಲ. ಗದ್ದೆಯ ಪಕ್ಕದ ತೋಡು, ಮದಗ, ಹಳೆಯ ಕೆರೆ ಒಂದು ಬಗೆ: ಸೊಂಟದಷ್ಟು ನೀರು, ಮೇಲೆಲ್ಲ ಅಂತರಗಂಗೆ, ನೈದಿಲೆ. ಇಲ್ಲಿ ತೇಲಬೇಕು, ಸೊಪ್ಪಿನ ಮೇಲೆ ಜಾರಬೇಕು, ಕೊಕ್ಕೆಯ ಮೊನೆ ಮುಚ್ಚಿರಬೇಕು. ಎರಡನೆಯದು ಕೆಂಪುಕಲ್ಲು ತೆಗೆದು ಬಿಟ್ಟ ಕೋರೆ. ಮಳೆಗಾಲ ಮುಗಿದ ಮೇಲೆ ನೀರು ತಿಳಿಯಾಗಿ ನಿಲ್ಲುತ್ತದೆ, ಗೋಡೆ ನೆಟ್ಟಗೆ ಇಳಿದಿರುತ್ತದೆ, ಸೊಪ್ಪು ಕಡಿಮೆ. ಇಲ್ಲಿ ಸಣ್ಣ ಸ್ಪಿನ್ನರ್ ಸಾಕು. (ಕೋರೆಯ ಅಂಚಿಗೆ ಮಾತ್ರ ಹೋಗಬೇಡಿ. ಬಿದ್ದವರಿಗೆ ಹತ್ತಿ ಬರಲು ಮೆಟ್ಟಿಲಿರುವುದಿಲ್ಲ. ಪ್ರತಿ ವರ್ಷ ಪತ್ರಿಕೆಯಲ್ಲಿ ಓದುತ್ತೇವೆ.) ಮೂರನೆಯದು ಮಂಗಳೂರಿನ ಬಳಿಯ ಗುರುಪುರ ನದಿ, ಮರವೂರು ಅಣೆಕಟ್ಟಿನಿಂದ ಬಹಳ ಮೇಲ್ಭಾಗದ ನಿಂತ ನೀರು. ಬಿದಿರ ಮೆಳೆಗಳು ದಡದಿಂದ ಬಾಗಿರುತ್ತವೆ, ಬೇರುಗಳ ಕೆಳಗೆ ಆಳುದ್ದ ನೀರು. ಇಲ್ಲಿ ಒಂದು ಮೀಟರ್ ಆಳಕ್ಕೆ ಇಳಿದು ಈಜುವ ಮಿನ್ನೋ ಬೇಕು. ಅಣೆಕಟ್ಟಿನ ಕೆಳಗೆ ಭರತದ ಉಪ್ಪುನೀರು ಬರುತ್ತದೆ, ಮೇಲೆ ಸಿಹಿ; ಹಲಗೆಗಳು ಇರುವುದು ಉಪ್ಪನ್ನು ತಡೆಯಲಿಕ್ಕೂ ಹೌದು. ಮಳೆಗಾಲದಲ್ಲಿ ಕೆಳಗಿನಿಂದ ಹತ್ತಿ ಬಂದ ಕೆಂಬೇರಿ ಮೀನು ಕೆಲವೊಮ್ಮೆ ಮೇಲೆಯೇ ಉಳಿದು ಕಚ್ಚುವುದುಂಟು.

ಬಣ್ಣ ನೋಡಿ ಲೂರ್ ಕೊಳ್ಳುವವರಿಗೆ ಹೇಳುವುದು ಇಷ್ಟೇ: ತೇಲುತ್ತದೆಯೋ, ಎಷ್ಟು ಇಳಿಯುತ್ತದೆ, ಸೊಪ್ಪಿನಲ್ಲಿ ಸಿಕ್ಕಿಕೊಳ್ಳುತ್ತದೆಯೋ ಎಂಬುದನ್ನು ಮೊದಲು ನೋಡಿ. ಬಣ್ಣದ ಸರದಿ ನಾಲ್ಕನೆಯದು.

ಮರ

ಲೂರ್ ಕೆತ್ತುವವರು ಜಗತ್ತಿನಾದ್ಯಂತ ಬಾಲ್ಸಾ ಮರವನ್ನು ಹೊಗಳುತ್ತಾರೆ. ನಮ್ಮಲ್ಲಿ ಅದು ಸಿಗುವುದು ಶಾಲಾ ಮಕ್ಕಳ ಮಾದರಿ ವಿಮಾನದ ತೆಳು ಹಾಳೆಯಾಗಿ. ಅದನ್ನು ಅಂಟಿಸಿ ದಪ್ಪ ಮಾಡುವ ಬದಲು ಬೇಲಿ ನೋಡುವುದು ವಾಸಿ. ಪೊಂಗಾರೆ, ಅಂದರೆ ಹಾಲುವಾಣ, ಕರಿಮೆಣಸಿನ ಬಳ್ಳಿಗೆ ಆಧಾರವಾಗಿ ನೆಟ್ಟಿರುವ ಮುಳ್ಳಿನ ಮರ, ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎಂಬಷ್ಟು ಹಗುರ. ಬೂರುಗವೂ ಆಗುತ್ತದೆ, ಆದರೆ ಅದು ಇನ್ನೂ ಮೆತ್ತಗೆ, ಉಗುರು ಒತ್ತಿದರೆ ಕುಳಿ ಬೀಳುತ್ತದೆ. ಮಿನ್ನೋಗೆ ಪಾಲೆ ಮರವನ್ನು ಇಟ್ಟುಕೊಂಡಿದ್ದೇನೆ. ಆಟಿ ಅಮಾವಾಸ್ಯೆಯ ಬೆಳಗ್ಗೆ ಕಬ್ಬಿಣ ಮುಟ್ಟಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆದು ಕಷಾಯ ಮಾಡುವ ಅದೇ ಪಾಲೆ. ಹಿಂದೆ ಮಕ್ಕಳ ಬರೆಯುವ ಹಲಗೆಗಳನ್ನು ಇದರಲ್ಲಿ ಮಾಡುತ್ತಿದ್ದರೆಂದೇ ಅದರ ವೈಜ್ಞಾನಿಕ ಹೆಸರಿನಲ್ಲಿ ಸ್ಕಾಲಾರಿಸ್ ಎಂದಿದೆ. ಪೊಂಗಾರೆಗಿಂತ ಭಾರ, ನಾರು ಸೂಕ್ಷ್ಮ, ಅಂಚು ಚೆನ್ನಾಗಿ ನಿಲ್ಲುತ್ತದೆ.

ಪಕ್ಕದ ಮನೆಯ ಆಚಾರ್ಯರ ಗರಗಸ ಕೇಳಲು ಹೋದಾಗ ಅವರು ತುಂಡನ್ನು ತಿರುಗಿಸಿ ನೋಡಿದರು.

"ಇದು ಒಲೆಗೆ ಹಾಕಿದರೂ ಸರಿಯಾಗಿ ಉರಿಯುವುದಿಲ್ಲ ಮಾರಾಯರೇ. ಇದರಲ್ಲಿ ಏನು ಕೆತ್ತುತ್ತೀರಿ?"

"ಕಪ್ಪೆ."

"ಕಪ್ಪೆಯೋ? ಹಾಗಾದರೆ ಆದೀತು. ನಡುವಿನ ತಿರುಳು ಬಿಟ್ಟು ಕೊಯ್ಯಿರಿ. ತಿರುಳು ಒಳಗೆ ಉಳಿದರೆ ನಾಳೆ ಬಿಸಿಲಿಗೆ ಸೀಳುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ."

ತಿರುಳು ಬಿಟ್ಟು ಪಕ್ಕದಿಂದ ಕೊಯ್ದೆವು. ಪೊಂಗಾರೆಗೆ ಇನ್ನೊಂದು ಕಾಯಿಲೆ ಇದೆ: ನಮ್ಮ ತೇವದ ಗಾಳಿಯಲ್ಲಿ ಹಸಿ ತುಂಡನ್ನು ಬಿಟ್ಟರೆ ವಾರದೊಳಗೆ ಕಪ್ಪು ಬೂಸ್ಟು ಹತ್ತುತ್ತದೆ, ಆಮೇಲೆ ಹುಳ. ಕಡಿದ ಕೂಡಲೇ ತೊಗಟೆ ಸುಲಿದು ಸ್ನಾನದ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಎರಡೂ ಇಲ್ಲ. ಹೊಗೆ ಹಿಡಿದ ಮರಕ್ಕೆ ಹುಳ ಬಾಯಿ ಹಾಕುವುದಿಲ್ಲ.

ಕಪ್ಪೆಯ ಲೆಕ್ಕ

ಮೈ 6 ಸೆಂಟಿಮೀಟರ್ ಉದ್ದ, 2.8 ಅಗಲ, 2.2 ಎತ್ತರ. ಮೊಟ್ಟೆಯ ಆಕಾರ ಎಂದುಕೊಂಡರೆ ಗಾತ್ರ ಸುಮಾರು 19 ಘನ ಸೆಂಟಿಮೀಟರ್. ಅಂದರೆ ಪೂರ್ತಿ ಮುಳುಗಿದರೆ 19 ಗ್ರಾಂ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಒಟ್ಟು ತೂಕ ಅದಕ್ಕಿಂತ ಕಡಿಮೆ ಇರುವವರೆಗೆ ತೇಲುತ್ತದೆ. ಒರಟಾಗಿ ಕೆತ್ತಿದ ಮೈಯನ್ನು ಕಿಸೆ ತಕ್ಕಡಿಯಲ್ಲಿ ಇಟ್ಟರೆ 6 ಗ್ರಾಂ. ಕೊಕ್ಕೆ 4, ಸೀಸ 3, ಲೇಪ ಮತ್ತು ಬಣ್ಣಕ್ಕೆ 2. ಒಟ್ಟು 15. ಹೀಗಾಗಿ ಸುಮಾರು ಮುಕ್ಕಾಲು ಭಾಗ ನೀರೊಳಗೆ, ಕಾಲು ಭಾಗ ಮೇಲೆ. ಜೀವಂತ ಕಪ್ಪೆ ತೇಲುವುದೂ ಹೆಚ್ಚು ಕಡಿಮೆ ಹಾಗೆಯೇ, ಕಣ್ಣು ಮತ್ತು ಮೂಗು ಮಾತ್ರ ಹೊರಗೆ. 15 ಗ್ರಾಂ ಎಂಬುದು ಮಧ್ಯಮ ಗಟ್ಟಿತನದ ಗಾಳದ ರಾಡ್‌ಗೆ ಎಸೆಯಲು ಹಿತವಾದ ತೂಕವೂ ಹೌದು.

ಸೀಸವನ್ನು ಎಲ್ಲಿಡಬೇಕು ಎಂಬುದು ಎಷ್ಟಿಡಬೇಕು ಎಂಬುದಕ್ಕಿಂತ ಮುಖ್ಯ. ನಡುವೆ ಇಟ್ಟರೆ ಕಪ್ಪೆ ಮಟ್ಟಸವಾಗಿ ಮಲಗುತ್ತದೆ, ಎಳೆದಾಗ ಸುಮ್ಮನೆ ಗೀಟು ಹಾಕುತ್ತಾ ಬರುತ್ತದೆ. ಬಾಲದ ಕಡೆಗೆ ಹೊಟ್ಟೆಯಡಿ ಇಟ್ಟರೆ ಹಿಂಭಾಗ ಮುಳುಗಿ ಮೂಗು ಎತ್ತಿರುತ್ತದೆ. ದಾರವನ್ನು ಸಣ್ಣಗೆ ಜಗ್ಗಿ ಬಿಟ್ಟರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ. ಎಸೆಯುವಾಗಲೂ ಭಾರ ಹಿಂದೆ ಇದ್ದರೆ ಗಾಳಿಯಲ್ಲಿ ಪಲ್ಟಿ ಹೊಡೆಯದೆ ನೇರ ಹೋಗುತ್ತದೆ. ಸೀಸಕ್ಕೆ ಬಂದರಿನ ಬಲೆ ಅಂಗಡಿಯ ಗುಂಡುಗಳನ್ನೇ ಚಪ್ಪಟೆ ಬಡಿದು ತೂತಿಗೆ ತುರುಕಿದೆ. ಕರಗಿಸಿ ಹೊಯ್ಯುವ ಸಾಹಸ ಬೇಡ. ಸೀಸ ಕರಗುವುದು 327 ಡಿಗ್ರಿಯಲ್ಲಿ, ಗ್ಯಾಸ್ ಒಲೆಗೆ ಅದೇನೂ ಕಷ್ಟವಲ್ಲ, ಆದರೆ ಅನ್ನ ಬೇಯುವ ಜಾಗದಲ್ಲಿ ಸೀಸದ ಹೊಗೆ ಯಾರಿಗೂ ಬೇಡ. ಸೀಸ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆದುಕೊಳ್ಳಬೇಕು.

ಗಟ್ಟಿ ಮೈ, ಮುಚ್ಚಿದ ಕೊಕ್ಕೆ

ಈ ಕೆಲಸದ ನಿಜವಾದ ತೊಡಕು ಇಲ್ಲಿದೆ. ರಬ್ಬರ್ ಕಪ್ಪೆ ಟೊಳ್ಳು. ಅದರ ಜೋಡಿ ಕೊಕ್ಕೆಯ ಮೊನೆಗಳು ಬೆನ್ನಿಗೆ ತಾಗಿಕೊಂಡು ಮೇಲ್ಮುಖವಾಗಿ ಇರುತ್ತವೆ, ಆದ್ದರಿಂದ ಸೊಪ್ಪು ಸಿಕ್ಕುವುದಿಲ್ಲ. ಮೀನು ಕಚ್ಚಿದಾಗ ಮೈ ಕುಗ್ಗುತ್ತದೆ, ಮೊನೆಗಳು ಹೊರಬರುತ್ತವೆ. ಮರ ಕುಗ್ಗುವುದಿಲ್ಲ. ರಬ್ಬರ್ ಕಪ್ಪೆಯ ನಕಲನ್ನು ಮರದಲ್ಲಿ ಹಾಗೆಯೇ ಕೆತ್ತಿದರೆ ಮಡೆಂಜಿ ಕಚ್ಚುತ್ತದೆ, ಮರವನ್ನು ಅಗಿಯುತ್ತದೆ, ಉಗುಳಿ ಹೋಗುತ್ತದೆ. ಥಾಯ್ಲೆಂಡಿನಲ್ಲಿ ಇದೇ ಕುಲದ ಮೀನುಗಳಿಗೆ ಗಟ್ಟಿ ಮೈಯ ಕಪ್ಪೆಗಳು ಬಹಳ ಬಳಕೆಯಲ್ಲಿವೆ, ಅಲ್ಲಿ ಕೊಕ್ಕೆಗಳು ಮೈಯಿಂದ ಹಿಂದಕ್ಕೆ ಚಾಚಿ ಮೇಲ್ಮುಖವಾಗಿ ನಿಂತಿರುತ್ತವೆ. ಆ ದಾರಿಯನ್ನೇ ಹಿಡಿದೆ, ಸ್ವಲ್ಪ ಬದಲಾಯಿಸಿಕೊಂಡು.

ಕಪ್ಪೆಗೆಂದೇ ಮಾರುವ 3/0 ಅಳತೆಯ ಜೋಡಿ ಕೊಕ್ಕೆ ತೆಗೆದುಕೊಂಡೆ. (ಕೊಕ್ಕೆಯ ಅಂಕಿ ಗೊಂದಲ ಮಾಡುತ್ತದೆ: 10, 8, 6 ಎಂದು ಇಳಿದಂತೆ ಕೊಕ್ಕೆ ದೊಡ್ಡದು; 1 ದಾಟಿದ ಮೇಲೆ 1/0, 2/0, 3/0 ಎಂದು ಏರಿದಂತೆ ದೊಡ್ಡದು.) ಹೊಟ್ಟೆಯ ಉದ್ದಕ್ಕೂ ಗರಗಸದಿಂದ ಒಂದು ಸೀಳು ಮಾಡಿ ಕೊಕ್ಕೆಯ ದಂಡವನ್ನು ಅದರೊಳಗೆ ಕೂರಿಸಿದೆ. ಕೊಕ್ಕೆಯ ಕಣ್ಣು ಮೂಗಿನಲ್ಲಿ ಹೊರಬರುತ್ತದೆ, ದಾರ ಕಟ್ಟುವುದು ಅದಕ್ಕೇ. ಹೀಗೆ ಮಾಡಿದರೆ ಮರದ ಮೇಲೆ ಎಳೆತವೇ ಬೀಳುವುದಿಲ್ಲ. ಮೈ ಎರಡು ಹೋಳಾದರೂ ಮೀನು ದಾರದಲ್ಲಿ ಇರುತ್ತದೆ. ಬೆನ್ನಿನ ಹಿಂಭಾಗವನ್ನು ಇಳಿಜಾರಾಗಿ ತೆಗೆದು, ಪಕ್ಕಗಳನ್ನೂ ಕಿರಿದು ಮಾಡಿ ಒಂದು ಸೊಂಟ ಕೊಟ್ಟೆ. ಈಗ ಎರಡು ಮೊನೆಗಳೂ ಮರದಿಂದ ಒಂದು ಬೆರಳಿನಷ್ಟು ದೂರ, ಖಾಲಿ ಜಾಗದಲ್ಲಿ ನಿಲ್ಲುತ್ತವೆ. ಅವನ್ನು ಸೊಪ್ಪಿನಿಂದ ಕಾಯಲು ದಪ್ಪ ನೈಲಾನ್ ದಾರದ ಎರಡು ಕಡ್ಡಿ: ಬೆನ್ನಿನಲ್ಲಿ ಸೂಜಿತೂತು ಮಾಡಿ ನೆಟ್ಟು, ತುದಿ ಮೊನೆಗಿಂತ ಕೂದಲೆಳೆ ಮೇಲೆ ಬರುವಂತೆ ಕತ್ತರಿಸಿದ್ದು. ಅಂತರಗಂಗೆಯ ಎಲೆ ಒತ್ತಿದರೆ ಕಡ್ಡಿ ನಿಲ್ಲುತ್ತದೆ, ದವಡೆ ಒತ್ತಿದರೆ ಬಾಗುತ್ತದೆ. ಇದರ ಗಟ್ಟಿತನವನ್ನು ಹೆಬ್ಬೆರಳಿನಿಂದಲೇ ಪರೀಕ್ಷಿಸಬೇಕು, ಬೇರೆ ಮಾಪನ ನನಗೆ ಸಿಕ್ಕಿಲ್ಲ.

ಕಾಲುಗಳಿಗೆ ಹಳೆಯ ಸೈಕಲ್ ಟ್ಯೂಬ್. ಎರಡು ಮಿಲಿಮೀಟರ್ ಅಗಲದ ಪಟ್ಟಿಗಳಾಗಿ ಸೀಳಿ, ಕಟ್ಟು ಮಾಡಿ, ಬಾಲದ ತೂತಿನಲ್ಲಿ ಎಳೆದರೆ ಮುಗಿಯಿತು. ಅಂಗಡಿಯ ಸಿಲಿಕಾನ್ ಎಳೆಗಳು ಇದಕ್ಕಿಂತ ಚೆನ್ನಾಗಿ ಅಲುಗುತ್ತವೆ ಎಂಬುದು ನಿಜ. ಮಡೆಂಜಿ ಅಷ್ಟು ಸೂಕ್ಷ್ಮ ನೋಡುವುದಿಲ್ಲ ಎಂಬುದೂ ನಿಜ.

ಲೇಪ, ಮತ್ತು ಕರಾವಳಿಯ ಗಾಳಿ

ಪೊಂಗಾರೆ ನೀರನ್ನು ಹೀರುತ್ತದೆ. ಒಂದು ಸೂಜಿಮೊನೆಯಷ್ಟು ಲೇಪ ಬಿಟ್ಟುಹೋದರೂ ಮಧ್ಯಾಹ್ನದ ಹೊತ್ತಿಗೆ ಕಪ್ಪೆ ಸಬ್‌ಮರೀನ್ ಆಗುತ್ತದೆ. ಇಲ್ಲಿ ಹಿಂದೆ ಮರದ ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು, ನೀರಿಗೂ ಹುಳಕ್ಕೂ ಅದು ಗಟ್ಟಿ ತಡೆ. ಅದನ್ನೇ ಬಳಿದರೆ ಹೇಗೆ ಎಂಬ ಆಸೆ ಇತ್ತು. ಆದರೆ ಆ ಎಣ್ಣೆ ಹಸಿಯಾಗಿ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಅದರ ಮೇಲೆ ಬಣ್ಣವೂ ಕೂರುವುದಿಲ್ಲ. ದೋಣಿಗೇ ಇರಲಿ.

ಬಣ್ಣದಂಗಡಿಯ, ಮರದ ರಂಧ್ರ ಮುಚ್ಚುವ ಸ್ಯಾಂಡಿಂಗ್ ಸೀಲರ್ ಅನ್ನು ತಿನ್ನರ್‌ನಲ್ಲಿ ತೆಳು ಮಾಡಿ ಮೊದಲ ಸಲ ಅದ್ದಿದಾಗ ಮರ ಸದ್ದಿಲ್ಲದೆ ಕುಡಿಯಿತು. ಒಣಗಿದ ಮೇಲೆ ಎದ್ದ ನಾರನ್ನು 400ರ ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಅದ್ದಿದೆ, ಹೊಳಪು ಬರುವವರೆಗೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಅರಾಲ್ಡೈಟ್, ಅಂದರೆ ಒಂದು ಟ್ಯೂಬಿನ ರಾಳಕ್ಕೆ ಇನ್ನೊಂದರ ಗಟ್ಟಿಕಾರಕ ಬೆರೆಸಿ ಬಳಸುವ ಅಂಟು. ಅರಾಲ್ಡೈಟ್ ಟ್ಯೂಬುಗಳನ್ನು ಬಿಸಿನೀರಿನ ಲೋಟದಲ್ಲಿ ಐದು ನಿಮಿಷ ನಿಲ್ಲಿಸಿದರೆ ಜೇನಿನಂತೆ ಹರಿಯುತ್ತದೆ, ಬ್ರಷ್‌ನಲ್ಲಿ ತೆಳ್ಳಗೆ ಬಳಿಯಬಹುದು. ಬಳಿದ ಮೇಲೆ ಬಿಟ್ಟು ಎದ್ದುಹೋಗುವಂತಿಲ್ಲ. ಕೆಳಗೆ ತೊಟ್ಟಿಕ್ಕದಂತೆ ಗಟ್ಟಿಯಾಗತೊಡಗುವವರೆಗೆ ತಿರುಗಿಸುತ್ತಲೇ ಇರಬೇಕು. ಕ್ರಿಕೆಟ್ ನೋಡುತ್ತಾ ಮಾಡಬಹುದಾದ ಕೆಲಸ.

ಇಲ್ಲಿ ಎಚ್ಚರ ಬೇಕು. ಒಣ ಊರಿನವರು ಬರೆದ ಸೂಚನೆಗಳಲ್ಲಿ ರಾತ್ರಿ ಬಳಿದು ಬೆಳಗ್ಗೆ ಎತ್ತಿಕೊಳ್ಳಿ ಎಂದಿರುತ್ತದೆ. ಮಂಗಳೂರಿನ ಸೆಪ್ಟೆಂಬರ್ ಗಾಳಿಯಲ್ಲಿ ಹಾಗೆ ಮಾಡಿದರೆ ಲೇಪದ ಮೇಲೆ ಬಿಳಿಯ ಜಿಡ್ಡಿನ ಪೊರೆ ಬರುತ್ತದೆ. ಗಟ್ಟಿಕಾರಕ ರಾಳದ ಜೊತೆ ಸೇರುವ ಮೊದಲೇ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಕೊಳ್ಳುವುದು ಇದಕ್ಕೆ ಕಾರಣ. ಪರಿಹಾರ ಅಗ್ಗದ್ದು: ರಟ್ಟಿನ ಪೆಟ್ಟಿಗೆ, ಮೇಲೆ ನಾಲ್ಕು ತೂತು, ಒಳಗೆ 40 ವ್ಯಾಟಿನ ಹಳೆಯ ತಂತಿಬಲ್ಬು. ಎಲ್‌ಇಡಿಯಲ್ಲಿ ಆಗುವುದಿಲ್ಲ, ಅದರಲ್ಲಿ ಅಷ್ಟು ಶಾಖ ಇಲ್ಲ. ಲೂರ್ ಬಲ್ಬಿನಿಂದ ಒಂದು ಗೇಣು ದೂರ ನೇತಾಡಬೇಕು, ರಟ್ಟಿಗೆ ಬಲ್ಬು ತಾಗಬಾರದು, ಮನೆಯಲ್ಲಿ ಯಾರಾದರೂ ಎಚ್ಚರ ಇರಬೇಕು. ಬೆಚ್ಚಗಿನ ಒಣ ಗಾಳಿಯಲ್ಲಿ ಲೇಪ ಗಾಜಿನಂತೆ ಕೂತಿತು. ಸೀಲರ್‌ಗೆ ಮಾತ್ರ ಈ ಪೆಟ್ಟಿಗೆ ಬೇಡವೇ ಬೇಡ, ತಿನ್ನರ್ ಆವಿಗೆ ಬೆಂಕಿ ಹತ್ತುತ್ತದೆ. ಅದು ಜಗಲಿಯಲ್ಲೇ ಒಣಗಲಿ.

ಬಣ್ಣದ ಬಗ್ಗೆ ಎರಡು ಮಾತು. ತೇಲುವ ಲೂರ್ ಅನ್ನು ಮೀನು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ ನೋಡುತ್ತದೆ. ಅದಕ್ಕೆ ಕಾಣುವುದು ಹೊಟ್ಟೆ, ಅದೂ ಬಹುಮಟ್ಟಿಗೆ ನೆರಳಿನ ಆಕಾರ. ಬೆನ್ನಿನ ಮೇಲೆ ಚರ್ಮದ ಚುಕ್ಕೆ, ಪಟ್ಟೆ, ಕಣ್ಣಿನ ರೆಪ್ಪೆ ಬರೆಯುವುದೆಲ್ಲ ನಮ್ಮ ಸಂತೋಷಕ್ಕೆ. ಹೊಟ್ಟೆಗೆ ಕಪ್ಪು ಬಳಿದೆ, ಕೆಂಪುಮಣ್ಣು ಕದಡಿದ ನೀರಿನಲ್ಲಿ ಸ್ಪಷ್ಟ ನೆರಳು ಕಾಣಲಿ ಎಂದು. ಬೆನ್ನಿಗೆ ಒಂದು ದೊಡ್ಡ ಕಿತ್ತಳೆ ಬೊಟ್ಟು, ಸೊಪ್ಪಿನ ನಡುವೆ ಕಪ್ಪೆ ಎಲ್ಲಿದೆ ಎಂದು ನನಗೆ ಕಾಣಲಿ ಎಂದು.

ತೋಟದ ಟ್ಯಾಂಕಿನಲ್ಲಿ ಬೆಳಗ್ಗೆಯಿಂದ ಊಟದವರೆಗೆ ತೇಲಿಸಿ, ಒರೆಸಿ, ತೂಗಿ ನೋಡಿದೆ. ತೂಕ ಏರಿಲ್ಲ. ಮೂಗು ಎತ್ತಿಯೇ ಇತ್ತು.

ರಬ್ಬರ್ ಕಪ್ಪೆಗಳಿಗೆ ಚಿಕಿತ್ಸೆ

ಬಕೆಟ್ಟಿನಲ್ಲಿ ಮುಳುಗಿಸಿ ಹಿಸುಕಿದರೆ ಗುಳ್ಳೆ ಎಲ್ಲಿಂದ ಬರುತ್ತದೆ ಎಂದು ತಿಳಿಯುತ್ತದೆ. ಎರಡು ಕಡೆ ಬರುವುದು ಸಹಜ: ಕೊಕ್ಕೆಯ ಕಣ್ಣು ಹೊರಬರುವ ಮೂಗು, ಕೊಕ್ಕೆ ಹೊರಬರುವ ಹಿಂಭಾಗ. ಹಿಂಭಾಗದ್ದನ್ನು ಪೂರ್ತಿ ಮುಚ್ಚಬಾರದು, ಕಚ್ಚಿದಾಗ ಒಳಗಿನ ಗಾಳಿ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಮೈ ಬಲೂನಿನಂತೆ ಗಟ್ಟಿಯಾಗಿ ಮೊನೆ ಹೊರಬರುವುದಿಲ್ಲ. ಆದ್ದರಿಂದ ದುರಸ್ತಿ ಮೂಗಿಗೆ ಮತ್ತು ಹಲ್ಲಿನ ಗಾಯಗಳಿಗೆ ಮಾತ್ರ. ಫೆವಿಕ್ವಿಕ್ ಹಿಡಿಯುತ್ತದೆ, ಆದರೆ ಒಣಗಿ ಪೆಡಸಾಗಿ ಮೊದಲ ಕಡಿತಕ್ಕೆ ಬಿರಿಯುತ್ತದೆ. ರಬ್ಬರ್ ಎಂದು ಕರೆದರೂ ಇದು ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್, ಇದಕ್ಕೆ ಬಿಸಿ ಸೂಜಿಯೇ ಸರಿಯಾದ ವೈದ್ಯ. ಸೂಜಿ ಕಾಯಿಸಿ ಗಾಯದ ಎರಡೂ ಅಂಚಿಗೆ ತಾಗಿಸಿ ಒತ್ತಿ ಹಿಡಿದರೆ ಕರಗಿ ಬೆಸೆದುಕೊಳ್ಳುತ್ತವೆ. ಜಗಲಿಯಲ್ಲಿ, ಗಾಳಿ ಬೀಸುವಾಗ ಮಾಡಿ, ಹೊಗೆ ಒಳ್ಳೆಯದಲ್ಲ.

ಇನ್ನೊಂದು: ರಬ್ಬರ್ ಲೂರ್‌ಗಳನ್ನು ಬಣ್ಣದ ಗಟ್ಟಿ ಲೂರ್‌ಗಳ ಜೊತೆ ಒಂದೇ ಖಾನೆಯಲ್ಲಿ ಹಾಕಬಾರದು. ಮೆತ್ತಗಿಡಲು ಬೆರೆಸಿದ ಎಣ್ಣೆ ನಿಧಾನವಾಗಿ ಹೊರಬಂದು ಪಕ್ಕದ್ದರ ಬಣ್ಣವನ್ನೂ, ಕೆಲವು ಜಾತಿಯ ಡಬ್ಬಿಯನ್ನೂ ಕರಗಿಸಿ ಅಂಟು ಮಾಡುತ್ತದೆ.

ಮಿನ್ನೋಗೆ ಹೊಸ ಗದ್ದ

ಮಿನ್ನೋವಿನ ಗದ್ದದಡಿಯ ಪಾರದರ್ಶಕ ಪಟ್ಟಿಯೇ ಅದರ ಚುಕ್ಕಾಣಿ. ಎಳೆದಾಗ ನೀರು ಅದಕ್ಕೆ ಬಡಿದು ಮೂಗನ್ನು ಕೆಳಕ್ಕೆ ತಳ್ಳುತ್ತದೆ, ಮೈ ಅತ್ತಿತ್ತ ಹೊಯ್ದಾಡುತ್ತದೆ. ಪಟ್ಟಿ ಮೈಯ ನೇರಕ್ಕೆ ಮುಂದೆ ಚಾಚಿದಷ್ಟೂ ಆಳ ಹೆಚ್ಚು. ಕೆಳಕ್ಕೆ ನೆಟ್ಟಗೆ ನಿಂತಷ್ಟೂ ಆಳ ಕಡಿಮೆ, ಹೊಯ್ದಾಟ ಜಾಸ್ತಿ. ಅಂಗಡಿಯಲ್ಲಿ ಲೂರ್ ಆರಿಸುವಾಗ ಈ ಒಂದು ಕೋನ ನೋಡಿದರೆ ಡಬ್ಬಿಯ ಮೇಲಿನ ಬರಹ ಓದುವುದೇ ಬೇಡ.

ಹೊಸ ಪಟ್ಟಿಗೆ ಹಳೆಯ ಸೀಡಿ. ಅದು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್, ಅಂಗಡಿಯ ಲೂರ್‌ಗಳ ಪಟ್ಟಿಗಳಲ್ಲಿ ಅನೇಕವು ಇದೇ ವಸ್ತುವಿನವು. ಮೇಲಿನ ಬೆಳ್ಳಿ ಪದರವನ್ನು ಬ್ಲೇಡಿನಿಂದ ಗೀರಿ ಪ್ಯಾಕಿಂಗ್ ಟೇಪ್ ಅಂಟಿಸಿ ಎಳೆದರೆ ಸಿಪ್ಪೆಯ ಹಾಗೆ ಏಳುತ್ತದೆ. ಕತ್ತರಿಯಿಂದ ಕತ್ತರಿಸಿದರೆ ಸೀಡಿ ಸೀಳುತ್ತದೆ. ಎರಡೂ ಬದಿಗೆ ಟೇಪ್ ಹಚ್ಚಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ಒರಟಾಗಿ ಕೊಯ್ದು, ಅರದಲ್ಲಿ ಉಜ್ಜಿ ಆಕಾರಕ್ಕೆ ತರುವುದು ಕ್ಷೇಮ. ಹಳೆಯ ಪಟ್ಟಿಯ ಬುಡವನ್ನು ಕೆರೆದು ತೆಗೆದು, ಸೀಳಿಗೆ ಅರಾಲ್ಡೈಟ್ ತುಂಬಿ ಕೂರಿಸಿದೆ. ಒಣಗುವ ಮೊದಲು ಮುಂದಿನಿಂದ ನೋಡಬೇಕು: ಪಟ್ಟಿ ಕಣ್ಣುಗಳ ಗೆರೆಗೆ ಸಮಾನಾಂತರವಾಗಿ ಇಲ್ಲದಿದ್ದರೆ ಮಿನ್ನೋ ಪಕ್ಕಕ್ಕೆ ಮಗುಚಿಕೊಂಡು ಬರುತ್ತದೆ.

ಮಿನ್ನೋ ಕೆತ್ತುವುದರಲ್ಲಿ ಹೆಸರಾದವನು ಫಿನ್ಲೆಂಡಿನ ಮೀನುಗಾರ ಲೌರಿ ರಾಪಲಾ. 1936ರಲ್ಲಿ ಆತ ಬೂಚಿನ ಮೈ ಕೆತ್ತಿ, ಚಾಕಲೇಟ್ ಮತ್ತು ಚೀಸ್ ಸುತ್ತಿದ ಬೆಳ್ಳಿ ಕಾಗದ ಅಂಟಿಸಿ, ಫೋಟೊ ನೆಗೆಟಿವ್ ಕರಗಿಸಿ ಲೇಪ ಮಾಡಿದ್ದ. ಆ ಕೆಲಸದ ಮುಂದೆ ನನ್ನ ಸೀಡಿ ಐಷಾರಾಮ.

ಟ್ಯಾಂಕಿನಲ್ಲಿ ಎಳೆದಾಗ ಮಿನ್ನೋ ನನ್ನ ಬಲಕ್ಕೆ ವಾಲಿತು. ಮೂಗನ್ನು ನನ್ನ ಕಡೆಗೆ ಹಿಡಿದು, ದಾರ ಕಟ್ಟುವ ತಂತಿಕಣ್ಣನ್ನು ಇಕ್ಕಳದಿಂದ ಎಡಕ್ಕೆ ಒಂದಿಷ್ಟೇ ಬಾಗಿಸಿ ಮತ್ತೆ ಎಳೆದೆ. ಎತ್ತ ಹೋಗಬೇಕೋ ಅತ್ತ ಕಣ್ಣು ಬಾಗಿಸುವುದು, ಇಷ್ಟೇ ಸೂತ್ರ. ಹೊಸದಾಗಿ ಕೊಂಡ ಲೂರ್ ಸೊಟ್ಟ ಓಡಿದರೂ ಅಂಗಡಿಗೆ ಹಿಂದಿರುಗಿಸಬೇಕಿಲ್ಲ, ಇದೇ ಚಿಕಿತ್ಸೆ. ಮೂರು ಮೊನೆಯ ಎರಡು ಕೊಕ್ಕೆಗಳನ್ನು ತೆಗೆದು ಒಂಟಿ ಕೊಕ್ಕೆ ಹಾಕಿದೆ. ಬಿದಿರ ಬೇರಿಗೆ ಸಿಕ್ಕುವುದು ಕಡಿಮೆ, ಸಣ್ಣ ಮೀನನ್ನು ಬಾಯಿ ಹರಿಯದೆ ಬಿಡಿಸಿ ಬಿಡಬಹುದು. ಕೊಕ್ಕೆ ಬದಲಾಯಿಸಿದ ಮೇಲೆ ತೂಕ ಕಡಿಮೆಯಾಗಿ ಮಿನ್ನೋ ಎತ್ತರಕ್ಕೆ ತೇಲುತ್ತದೆ. ಹೊಟ್ಟೆಗೆ ಸೀಸದ ತಗಡಿನ ಚೂರೊಂದು ಅಂಟಿಸಿ ಸರಿದೂಗಿಸಿದೆ.

ಸ್ಪಿನ್ನರ್‌ಗೆ ಹೆಚ್ಚು ಬರೆಯುವುದಿಲ್ಲ. ತುಕ್ಕಿನ ಕೊಕ್ಕೆ ಕಿತ್ತು ಹೊಸದು ಹಾಕಿದೆ, ಅಲಗನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದೆ. ಅಲಗಿನ ಆಕಾರ ಮಾತ್ರ ತಿಳಿದಿರಲಿ: ದುಂಡಗಿನ ಕೊಲೊರಾಡೊ ನಿಧಾನ ಎಳೆದರೂ ತಿರುಗಿ ನೀರನ್ನು ಜೋರಾಗಿ ಅದುರಿಸುತ್ತದೆ, ಅದು ಕದಡಿದ ನೀರಿಗೆ; ಉದ್ದನೆಯ ವಿಲ್ಲೋ ಎಲೆಯದು ಹೆಚ್ಚು ಮಿಂಚುತ್ತದೆ, ಅದು ತಿಳಿನೀರಿಗೆ. ಕೋರೆಗೆ ಎರಡನೆಯದು.

ನೀರಿನಲ್ಲಿ

ಮದಗಕ್ಕೆ ಪೊಂಗಾರೆ ಕಪ್ಪೆ ಹೋಯಿತು. 30 ಪೌಂಡ್ ಎಳೆತ ತಾಳುವ ಹೆಣೆದ ದಾರ, ತುದಿಗೆ ಒಂದು ಮೊಳ ದಪ್ಪ ನೈಲಾನ್, ಮಡೆಂಜಿಯ ಹಲ್ಲಿಗೆ. ಸೊಪ್ಪಿನಾಚೆಗೆ ಎಸೆದು, ಎಲೆಗಳ ಮೇಲೆ ಜಾರಿಸಿ, ತೆರವು ಸಿಕ್ಕಲ್ಲಿ ನಿಲ್ಲಿಸುವುದು. ನಿಲ್ಲಿಸುವುದೇ ಮುಖ್ಯ, ಹೆಚ್ಚಿನ ಕಡಿತ ಬರುವುದು ಕಪ್ಪೆ ಸುಮ್ಮನೆ ನಿಂತಾಗ. ನೀರು ಒಡೆದ ಸದ್ದಿಗೆ ಕೈ ತಾನಾಗಿ ಎಳೆಯಲು ಹೋಗುತ್ತದೆ. ಎಳೆಯಬಾರದು, ಮೀನು ಬಾಯಿ ಮುಚ್ಚಿ ಕೆಳಗೆ ತಿರುಗುವವರೆಗೆ ಉಸಿರು ಹಿಡಿದು, ದಾರ ಬಿಗಿಯಾದ ಮೇಲೆ ಗಟ್ಟಿಯಾಗಿ ಎತ್ತಬೇಕು. ಗಟ್ಟಿ ಮೈಯ ಕಪ್ಪೆಗೆ ಈ ತಾಳ್ಮೆ ರಬ್ಬರಿನದಕ್ಕಿಂತ ಕಡಿಮೆ ಸಾಕು, ಮೊನೆ ಮೊದಲೇ ತೆರೆದಿರುತ್ತದೆ. ಒಂದೂವರೆ ಕಿಲೋ ಆಸುಪಾಸಿನ ಮಡೆಂಜಿಯೊಂದು ಎರಡೂ ಮೊನೆಗಳನ್ನು ಮೇಲ್ದವಡೆಯಲ್ಲಿ ತೆಗೆದುಕೊಂಡು ಬಂದಿತು, ಸೊಪ್ಪಿನ ಸಮೇತ.

ನೀರಿನ ಮೇಲೆ ಕೆಂಪು ಮರಿಗಳ ಗುಂಪು ಕುದಿಯುವಂತೆ ಕಂಡರೆ ಅಲ್ಲಿಗೆ ಎಸೆಯುವುದಿಲ್ಲ. ಅಡಿಯಲ್ಲಿ ತಾಯಿ ತಂದೆ ಎರಡೂ ಕಾವಲಿರುತ್ತವೆ, ಏನು ಬಿದ್ದರೂ ಹಸಿವಿಲ್ಲದೆ ಕಚ್ಚುತ್ತವೆ. ಅವನ್ನು ಎತ್ತಿದರೆ ಮರಿಗಳು ಸಂಜೆಯೊಳಗೆ ಬೇರೆ ಮೀನುಗಳ ಹೊಟ್ಟೆಗೆ. ಮೊದಲ ಮಳೆಗೆ ಗದ್ದೆಗೆ ಹತ್ತುವ ಉಬರ್ ಮೀನಿನ ಬೇಟೆಯಲ್ಲೇ ಮೊಟ್ಟೆ ತುಂಬಿದ ಮೀನುಗಳು ಸಾಕಷ್ಟು ಹೋಗುತ್ತವೆ, ಗಾಳದವರೂ ಕೈ ಸೇರಿಸುವುದು ಬೇಡ.

ಮನೆಗೆ ಬಂದು ನೋಡಿದರೆ ಕಪ್ಪೆಯ ಬೆನ್ನಿನಲ್ಲಿ ಹಲ್ಲಿನ ನಾಲ್ಕು ಗುರುತು, ಅದರಲ್ಲಿ ಒಂದು ಲೇಪ ದಾಟಿ ಮರ ಮುಟ್ಟಿದೆ. ದಡದಲ್ಲಿಯೇ ಒರೆಸಿ ಉಗುರುಬಣ್ಣ ತುಂಬಿದರೆ ಆ ದಿನದ ಮಟ್ಟಿಗೆ ಸಾಕು, ಆದ್ದರಿಂದ ಪೆಟ್ಟಿಗೆಗೆ ಒಂದು ಶೀಶೆ ಸೇರಿಸಿದ್ದೇನೆ. ನೈಲಾನ್ ಕಡ್ಡಿಗಳು ನೀರಲ್ಲಿ ನೆನೆದು ಸ್ವಲ್ಪ ಸೊಟ್ಟಗಾಗಿವೆ. ನೈಲಾನ್ ನೀರು ಹೀರಿ ಮೆತ್ತಗಾಗುವ ವಸ್ತು. ಮುಂದಿನದಕ್ಕೆ ನೀರು ಹೀರದ ಫ್ಲೋರೊಕಾರ್ಬನ್ ದಾರ ಹಾಕುತ್ತೇನೆ. ಮಿನ್ನೋ ನದಿಯಲ್ಲಿ ನೇರ ಈಜಿತು, ಕಚ್ಚಿದವರು ಇನ್ನೂ ಯಾರೂ ಇಲ್ಲ. ಪಾಲೆ ಮರದಲ್ಲಿ ಇನ್ನೊಂದು ಮಿನ್ನೋ ಕೆತ್ತುವಾಗ ಗದ್ದವನ್ನು ಅರ್ಧ ಸೆಂಟಿಮೀಟರ್ ಉದ್ದ ಇಟ್ಟು ಬೇರುಗಳ ಕೆಳಗೆ ಕಳಿಸಿ ನೋಡಬೇಕು. ಹಳೆಯ ಸೀಡಿಗಳು ಇದ್ದವರು ಗುಜರಿಗೆ ಹಾಕಬೇಡಿ, ನನಗೆ ಕೊಡಿ. ಡಿವಿಡಿ ಬೇಡ. ದಪ್ಪ ಅಷ್ಟೇ ಇದ್ದರೂ ಅದು 0.6 ಮಿಲಿಮೀಟರಿನ ಎರಡು ಹಾಳೆ ಅಂಟಿಸಿ ಮಾಡಿದ್ದು, ಅರ ಹಾಕಿದ ಕೂಡಲೇ ಅಂಚಿನಲ್ಲಿ ಬಿಡಿಸಿಕೊಳ್ಳುತ್ತದೆ.